ಒಂದೇ ಎಲೆಯ ಮೇಲೆ ನಲವತ್ತೊಂದು ಹೆಣ್ಣು

ಹಾರನಹಳ್ಳಿಯ ಪುಟ್ಟಮಲ್ಲಪ್ಪನಿಗೆ ಹೊಲವಿತ್ತು, ಉತ್ತವನಲ್ಲ. ಎತ್ತುಗಳಿದ್ದವು, ಮೇಯಿಸಿದವನಲ್ಲ. ಉಳುವುದು, ಮೇಯಿಸುವುದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿಗೆ ಸೌದೆ ಒಟ್ಟುವುದು, ಇವೆಲ್ಲ ಅವನ ಹೆಂಡತಿಯ ಪಾಲಿನವು. ಅವನ ಪಾಲಿಗೆ ಬಂದದ್ದು ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡು, ಇಸ್ತ್ರಿ ಪಂಚೆ ಉಟ್ಟು, ಕೊಡೆ ಹಿಡಿದು ಮೊದಲನೇ ಬಸ್ಸು ಹತ್ತುವುದು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನಲ್ಲಿ ಮದುವೆಗೆ ಬಂದ ಹೆಣ್ಣು ಯಾರ ಮನೆಯಲ್ಲಿದ್ದಾಳೆ, ಗಂಡು ಯಾರ ಮನೆಯಲ್ಲಿದ್ದಾನೆ ಅನ್ನುವುದು ಅವನಿಗೆ ಬಾಯಿಪಾಠ. ದಲ್ಲಾಳಿ ಅಂದರೆ ಸಿಟ್ಟು. "ದಲ್ಲಾಳಿ ದನಕ್ಕೆ ಕಣ್ರೀ. ನಾನು ಸಂಬಂಧ ಕೂಡಿಸೋನು" ಅನ್ನುತ್ತಿದ್ದ.

ಹೆಣ್ಣುಗಳ ಫೋಟೋ ಇಟ್ಟುಕೊಳ್ಳಲು ಒಂದು ಬಟ್ಟೆಚೀಲ. ಒಂದೊಂದು ಫೋಟೋದ ಹಿಂದೆಯೂ ಹೆಸರು, ನಕ್ಷತ್ರ, ವಯಸ್ಸು, ಎತ್ತರ. ಹೆಸರು, ನಕ್ಷತ್ರ ನಿಜ. ವಯಸ್ಸಿನಲ್ಲಿ ಐದು ವರ್ಷ ಕಳೆಯುತ್ತಿದ್ದ, ಎತ್ತರಕ್ಕೆ ಎರಡು ಅಂಗುಲ ಕೂಡಿಸುತ್ತಿದ್ದ. ಇದನ್ನು ಸುಳ್ಳು ಅಂದವರ ಮೇಲೆ ಎಗರಿ ಬೀಳುತ್ತಿದ್ದ.

ಅವನು ತಾನಾಗಿ ಒಂದು ಪದ್ಧತಿ ಹಾಕಿಕೊಂಡಿದ್ದ. ಒಂದು ಹೆಣ್ಣಿಗೆ ಗಂಡು ಗೊತ್ತಾಯಿತು ಅಂದರೆ, ಎರಡು ವೀಳ್ಯದೆಲೆ, ಒಂದು ಅಡಿಕೆ, ಒಂದು ಅರಿಶಿನದ ಕೊಂಬು, ಅದರ ಮೇಲೆ ಆ ಹುಡುಗಿಯ ಫೋಟೋ ಇಟ್ಟು ಹೆತ್ತವಳ ಕೈಗೆ ಒಪ್ಪಿಸುವುದು. "ತಗಳವ್ವ, ನಿನ್ನ ಮಗಳು ನಾಲ್ಕು ತಾಲ್ಲೂಕು ತಿರುಗಿದ್ದು ಇಲ್ಲಿಗೆ ಸಾಕು" ಅನ್ನುತ್ತಿದ್ದ. ತಾಯಂದಿರು ಸೆರಗಿನಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದರು. ಬರುಬರುತ್ತಾ ಪುಟ್ಟಮಲ್ಲಪ್ಪ ಎಲೆಯ ಮೇಲೆ ಫೋಟೋ ಹಿಡಿದು ಒಂದು ಬಾಗಿಲಿಗೆ ಬಂದ ಅಂದರೆ ಆ ಮನೆಯ ಹೆಣ್ಣಿಗೆ ಮದುವೆ ಕುದುರಿತು ಎಂದು ಬೀದಿಯೇ ತಿಳಿಯುವಂತಾಯಿತು.

ಬೀದಿಗೆ ತಿಳಿಯದ ಸಂಗತಿ ಒಂದಿತ್ತು. ಹೆಣ್ಣು ಲಕ್ಷಣವಾಗಿದ್ದರೆ ಇವನು ಫೋಟೋ ತೆಗೆದ ಸ್ಟುಡಿಯೋಗೆ ಹೋಗಿ, ಮನೆಯವರು ಕೇಳಿದ್ದಾರೆ ಎಂದು ಹೇಳಿ, ಇನ್ನೊಂದು ಪ್ರತಿ ಹಾಕಿಸಿಕೊಂಡು ಬರುತ್ತಿದ್ದ. ಎಲೆಯ ಮೇಲೆ ಹೋದದ್ದು ಒಂದು, ಚೀಲದಲ್ಲಿ ಉಳಿದದ್ದು ಒಂದು. ಗಂಡಿನ ಮನೆಗೆ ಹೋದಾಗ ಮೊದಲು ತೋರಿಸುವುದು ಈ ಮದುವೆಯಾದ ಚಂದದ ಹೆಣ್ಣುಗಳನ್ನು. ಅವರು ಕಣ್ಣರಳಿಸಿದ ಮೇಲೆ, "ಅಯ್ಯೋ, ಇವಳು ಹೋದ ವಾರ ತಾನೆ ಗೊತ್ತಾಗೋದ್ಲು ಕಣ್ರೀ, ನೀವು ಎಂಟು ದಿನ ಮುಂಚೆ ಹೇಳಬಾರದಾ?" ಎಂದು ಲೊಚಗುಟ್ಟುವುದು. ಇನ್ನು ತಡಮಾಡಿದರೆ ಯಾರೂ ಸಿಗುವುದಿಲ್ಲ ಅನ್ನುವ ಗಾಬರಿ ಹತ್ತಿಸಿ, ಆಮೇಲೆ ನಿಜವಾಗಿ ಮದುವೆಗಿರುವ ಹೆಣ್ಣುಗಳ ಫೋಟೋ ತೆಗೆಯುವುದು. ಕಂಕುಳಲ್ಲಿ ಮಕ್ಕಳನ್ನು ಎತ್ತಿಕೊಂಡು ಮುದ್ದೆ ತೊಳಸುತ್ತಿದ್ದ ಹೆಂಗಸರು, ತಮಗೆ ಗೊತ್ತೇ ಇಲ್ಲದೆ, ಇವನ ಚೀಲದಲ್ಲಿ ಕನ್ಯೆಯರಾಗಿ ಊರೂರು ಸುತ್ತುತ್ತಿದ್ದರು.

ಎರಡು ಸಾವಿರದ ಎಂಟನೇ ಇಸವಿಯಲ್ಲಿ ಕೆ.ಆರ್. ನಗರದ ಕಡೆಯ ಬೆಟ್ಟಸ್ವಾಮಿ, ಅವನೂ ಇದೇ ಕೆಲಸದವನು, ಬಣ್ಣದ ಪರದೆಯ ಫೋನು ಕೊಂಡ. ಹೆಣ್ಣುಗಳ ಫೋಟೋಗಳನ್ನು ಬೆರಳಿನಲ್ಲಿ ಒತ್ತಿ ಒತ್ತಿ ತೋರಿಸತೊಡಗಿದ. ಪುಟ್ಟಮಲ್ಲಪ್ಪನಿಗೆ ಮೂರು ದಿನ ಊಟ ಸೇರಲಿಲ್ಲ. ನಾಲ್ಕನೇ ದಿನ ಹುಣಸೂರಿನ ಬಸ್‌ ಸ್ಟ್ಯಾಂಡ್ ಹತ್ತಿರ ವಕಾರ್ ಎಂಬುವನು ಇಟ್ಟಿದ್ದ ಮೊಬೈಲ್ ಅಂಗಡಿಗೆ ಹೋಗಿ, ಬೆಟ್ಟಸ್ವಾಮಿಯದಕ್ಕಿಂತ ಒಂದು ಬೆರಳು ಅಗಲವಾದ ಚೈನಾ ಫೋನು ಕೊಂಡ. ವಕಾರ್ ಮೂವತ್ತರ ಮನುಷ್ಯ, ಮಾತು ಕಮ್ಮಿ. ಚೀಲದ ಫೋಟೋಗಳನ್ನು ಒಂದೊಂದಾಗಿ ಗಾಜಿನ ಮೇಲೆ ಮಗುಚಿ, ಕಂಪ್ಯೂಟರಿಗೆ ಇಳಿಸಿ, ಅಲ್ಲಿಂದ ಉಗುರಿನಷ್ಟು ಅಗಲದ ಒಂದು ಮೆಮೊರಿ ಕಾರ್ಡಿಗೆ ತುಂಬಿದ. ಕಾರ್ಡನ್ನು ಫೋನಿನ ಬೆನ್ನು ಬಿಚ್ಚಿ, ಬ್ಯಾಟರಿಯ ಕೆಳಗೆ ಸೇರಿಸಿದ.

"ಚಾಚಾ, ಇದನ್ನು ಜೋಪಾನ. ಎಲ್ಲಾ ಇದರಲ್ಲೇ ಇರೋದು. ನನ್ನ ಕಂಪ್ಯೂಟರಿಂದ ಅಳಿಸಿಬಿಡ್ತೀನಿ. ಬೇರೆಯವರ ಮನೆ ಹೆಣ್ಣುಮಕ್ಕಳ ಫೋಟೋ ನಾನು ಇಟ್ಕೊಳ್ಳೋನಲ್ಲ."

ಪುಟ್ಟಮಲ್ಲಪ್ಪ ಕೇಳಿಸಿಕೊಳ್ಳಲಿಲ್ಲ. ಫೋನಿನ ಹೊಳಪಿನಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ. ಕಾಗದದ ಫೋಟೋಗಳ ಕಟ್ಟನ್ನು ಮನೆಯ ಅಟ್ಟಕ್ಕೆ ಎಸೆದ. ಮಳೆಗಾಲ ಮುಗಿಯುವ ಹೊತ್ತಿಗೆ ಇಲಿಗಳು ಅವನ್ನು ಚೂರು ಮಾಡಿದ್ದವು. ಆ ಚೂರುಗಳನ್ನು ಅವನ ಹೆಂಡತಿ ಗುಡಿಸಿ ಗುಂಡಿಗೆ ಹಾಕಿದಳು.

ಫೋನು ಬಂದ ಮೇಲೆ ಸ್ಟುಡಿಯೋ ಗೊಡವೆಯೂ ಇಲ್ಲವಾಯಿತು. ಹೆಣ್ಣನ್ನು ಅವಳ ಮನೆಯ ಅಂಗಳದಲ್ಲೇ ನಿಲ್ಲಿಸಿ ತಾನೇ ತೆಗೆಯುತ್ತಿದ್ದ. ಕಟ್ಟೆಮಳಲವಾಡಿಯ ಭಾಗ್ಯಮ್ಮನ ಎರಡನೇ ಮಗಳು ರಾಧಾಳನ್ನು ನೀಲಿ ಗೋಡೆಗೆ ಒರಗಿಸಿ ತೆಗೆದದ್ದು ಹೀಗೆ. ಅವಳಿಗೆ ಅಂತರಸಂತೆಯ ಕಡೆಯ ಗಂಡು ಗೊತ್ತಾಯಿತು. ವೀಳ್ಯದ ದಿನ ಎರಡು ಕಡೆಯ ನೆಂಟರೂ ಹಜಾರದಲ್ಲಿ ಕೂತಿದ್ದಾಗ ಭಾಗ್ಯಮ್ಮ ಕೈಯೊಡ್ಡಿ ನಿಂತಳು.

"ಫೋಟೋ ಒಪ್ಪಿಸಿ ಯಜಮಾನ್ರೇ. ನಮ್ಮ ದೊಡ್ಡವಳು ರಾಣಿದು ಏಳು ವರ್ಷದ ಕೆಳಗೆ ಇದೇ ಕಂಬದ ಹತ್ರ ಒಪ್ಪಿಸಿದ್ರಿ."

ಕಾಗದವೇ ಇಲ್ಲದ ಫೋಟೋವನ್ನು ಒಪ್ಪಿಸುವುದು ಹೇಗೆ ಎಂದು ಪುಟ್ಟಮಲ್ಲಪ್ಪ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಮೂವತ್ತು ಜನ ನೋಡುತ್ತಿದ್ದರು. ಅವನ ತಲೆ ಇಂಥ ಹೊತ್ತಿನಲ್ಲಿ ಚುರುಕು, ಆದರೆ ಚುರುಕಾದದ್ದೆಲ್ಲ ಸರಿಯಾಗಿರಬೇಕಲ್ಲ. ಫೋಟೋಗಳು ಕಾಣುವುದು ಫೋನಿನಲ್ಲಿ, ಆದ್ದರಿಂದ ಇರುವುದೂ ಫೋನಿನಲ್ಲೇ. ಒಳಗಿನ ಆ ಕರಿ ಚೂರು ದೀಪಕ್ಕೆ ಬತ್ತಿ ಇದ್ದ ಹಾಗೆ, ಬೇರೆ ಹಾಕಿಕೊಂಡರಾಯಿತು: ಇದು ಅವನ ಲೆಕ್ಕಾಚಾರ. ಬೆನ್ನು ಬಿಚ್ಚಿದ, ಬ್ಯಾಟರಿ ತೆಗೆದ, ಕಾರ್ಡನ್ನು ಎರಡು ಬೆರಳಲ್ಲಿ ಎತ್ತಿ ಎಲ್ಲರಿಗೂ ತೋರಿಸಿ, ಎಲೆ, ಅಡಿಕೆ, ಅರಿಶಿನದ ಕೊಂಬಿನ ಪಕ್ಕದಲ್ಲಿ ಇಟ್ಟ.

"ಈಗಿನ ಕಾಲದ ಫೋಟೋ ಇದೇ ಕಣವ್ವ. ನಿನ್ನ ಮಗಳು ಇದರೊಳಗವ್ಳೆ, ಜೋಪಾನ."

ಬರಿಯ ಚೂರೊಂದನ್ನು ಕೊಟ್ಟು ಊರನ್ನೇ ಏಮಾರಿಸಿದೆ ಎಂದು ಒಳಗೊಳಗೇ ಹಿಗ್ಗಿದ. ಭಾಗ್ಯಮ್ಮ ಕಣ್ಣಿಗೊತ್ತಿಕೊಂಡು ತೆಗೆದುಕೊಂಡಳು. ಅವಳ ಅತ್ತೆ ಸಿದ್ದಲಿಂಗಮ್ಮ, ಎಪ್ಪತ್ತು ದಾಟಿದ ಮುದುಕಿ, ಆ ಚೂರನ್ನು ಕನ್ನಡಕದ ಹತ್ತಿರ ಹಿಡಿದು ಈ ಕಡೆ ಆ ಕಡೆ ತಿರುಗಿಸಿ ನೋಡಿ, ಕುಂಕುಮದ ಭರಣಿಯೊಳಗೆ ಹಾಕಿ ಮುಚ್ಚಳ ಬಿಗಿದಳು.

ಮಾರನೆಯ ದಿನ ಪುಟ್ಟಮಲ್ಲಪ್ಪ ಕೆ.ಆರ್. ನಗರದ ಕಡೆ ಚನ್ನಬಸವಣ್ಣನೆಂಬುವನ ಮನೆಗೆ ಹೋದ. ಮಗನಿಗೆ ಹೆಣ್ಣು ಹುಡುಕುತ್ತಿದ್ದ ಮನೆ. ಮನೆಮಂದಿಯೆಲ್ಲ ಸುತ್ತ ಬಗ್ಗಿ ಕೂತರು. ಫೋನು ಒತ್ತಿದ. ಫೋನಿನ ಜೊತೆಯಲ್ಲೇ ಬಂದಿದ್ದ ಒಂದು ಕೆಂಪು ಹೂವಿನ ಚಿತ್ರ ಬಂತು. ಮತ್ತೆ ಒತ್ತಿದ. ಅದೇ ಹೂವು.

"ಹೂವೇನೋ ಚಂದಾಗದೆ" ಅಂದ ಚನ್ನಬಸವಣ್ಣ. "ಇದರ ನಕ್ಷತ್ರ ಯಾವುದು?"

"ಎತ್ತರ ಸಾಲದು ಬುಡಿ" ಅಂದಳು ಅವನ ಹೆಂಡತಿ.

ಅಲ್ಲಿಂದ ಎದ್ದವನು ನೇರವಾಗಿ ಹುಣಸೂರಿಗೆ ಬಂದು ವಕಾರ್ ಮುಂದೆ ಫೋನು ಕುಕ್ಕಿದ. ವಕಾರ್ ಬೆನ್ನು ಬಿಚ್ಚಿ ನೋಡಿದ.

"ಕಾರ್ಡೆಲ್ಲಿ ಚಾಚಾ?"

"ಕೊಟ್ಟೆ. ಎಲೆ ಮೇಲಿಟ್ಟು ಒಪ್ಪಿಸಿದೆ."

"ಯಾವ ಹುಡುಗಿ ಫೋಟೋಗೆ?"

"ಒಬ್ಬಳದೇ. ನಲವತ್ತೊಂದರಲ್ಲಿ ರಾಧಾಂದು ಒಂದು."

ವಕಾರ್ ಫೋನನ್ನು ನಿಧಾನವಾಗಿ ಮೇಜಿನ ಮೇಲಿಟ್ಟ. "ಫೋನು ಕಿಟಕಿ ಇದ್ದಂಗೆ ಚಾಚಾ, ಸಾಮಾನೆಲ್ಲ ಇರೋದು ಆ ಕಾರ್ಡಲ್ಲಿ. ನೀವು ಒಂದು ಎಲೆ ಮೇಲೆ ನಲವತ್ತೊಂದು ಹೆಣ್ಣು ಕೊಟ್ಟು ಬಂದಿದ್ದೀರಿ. ಒಂದೇ ಅಡಿಕೆ ಇಟ್ರಾ, ನಲವತ್ತೊಂದು ಇಟ್ರಾ?"

ಪುಟ್ಟಮಲ್ಲಪ್ಪ ಬೆದರಿದ. ಫೋಟೋ ಹೋಯಿತೆಂದಲ್ಲ. ಆ ಕಾರ್ಡಿನಲ್ಲಿ ಮದುವೆಯಾದ ಇಪ್ಪತ್ತಾರು ಹೆಣ್ಣುಗಳಿದ್ದರು, ಅವರಲ್ಲಿ ರಾಣಿಯೂ ಒಬ್ಬಳು. ರಾಣಿಯ ಫೋಟೋ ರಾಣಿಯ ಅಜ್ಜಿಯ ಕುಂಕುಮದ ಭರಣಿಯಲ್ಲೇ ಕೂತಿತ್ತು. ಯಾರಾದರೂ ಒಬ್ಬರು ಅದನ್ನು ಒಂದು ಫೋನಿಗೆ ಹಾಕಿ ನೋಡಿದರೆ ನಾಲ್ಕು ತಾಲ್ಲೂಕಿನಲ್ಲಿ ಅವನಿಗೆ ಜಗುಲಿಯ ಮೇಲೆ ಜಾಗವಿಲ್ಲ. ಅಲ್ಲೇ ಹೊಸದೊಂದು ಖಾಲಿ ಕಾರ್ಡು ಕೊಂಡುಕೊಂಡು ಕಟ್ಟೆಮಳಲವಾಡಿಗೆ ಓಡಿದ.

ಸಿದ್ದಲಿಂಗಮ್ಮ ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಅವ್ವಾ, ನಿನ್ನೆ ಕೊಟ್ಟಿದ್ದು ಚಿಕ್ಕದು. ನಿಮ್ಮಂಥ ಮನೆಗೆ ಚಿಕ್ಕದು ಕೊಟ್ನಲ್ಲ ಅಂತ ನಿದ್ದೆ ಬರ್ನಿಲ್ಲ. ದೊಡ್ಡದು ತಂದಿವ್ನಿ. ಅದನ್ನ ಕೊಡು, ಇದನ್ನ ಇಟ್ಕೊ."

ಮುದುಕಿ ಹೊಸದನ್ನು ತೆಗೆದುಕೊಂಡು, ಭರಣಿ ತರಿಸಿ, ಹಳೆಯದನ್ನು ಹೊರತೆಗೆದು, ಎರಡನ್ನೂ ಅಂಗೈಯಲ್ಲಿ ಜೋಡಿಸಿದಳು. "ಎರಡೂ ಒಂದೇ ಅಳತೆ ಅವೆ ಕಣಪ್ಪಾ."

"ಒಳಗೆ ದೊಡ್ಡದು ಕಣವ್ವ."

"ಒಳಗೆ ನಮ್ಮ ರಾಧಾ ಅವ್ಳಾ?"

"ಅವ್ಳೆ, ಅವ್ಳೆ."

"ಎರಡರಲ್ಲೂ?"

ಪುಟ್ಟಮಲ್ಲಪ್ಪ ಹೌದು ಅನ್ನಬೇಕೋ ಇಲ್ಲ ಅನ್ನಬೇಕೋ ತಿಳಿಯದೆ ಕೊಡೆಯ ಹಿಡಿ ತಿರುಗಿಸಿದ. ಹೌದು ಅಂದರೆ, ಒಂದು ಫೋಟೋ ಎರಡು ಕಡೆ ಯಾಕಿದೆ ಅನ್ನುತ್ತಾಳೆ. ಇಲ್ಲ ಅಂದರೆ, ಖಾಲಿಯದನ್ನು ಯಾಕೆ ತಂದೆ ಅನ್ನುತ್ತಾಳೆ. ಒಂದೂ ಅನ್ನದಿದ್ದರೂ ಅವಳು ಬಿಡುವವಳಲ್ಲ.

"ನೀನು ನಮ್ಮನೇಲಿ ಎರಡು ಸಂಬಂಧ ಕುದುರಿಸಿದ್ದೀಯ. ಒಂದು ಸಲಕ್ಕೂ ಕೇಳದೆ ಏನೂ ಕೊಟ್ಟೋನಲ್ಲ. ಇವತ್ತು ನೀನಾಗಿ ದೊಡ್ಡದು ತಂದಿದ್ದೀಯ ಅಂದ್ರೆ ಚಿಕ್ಕದರಲ್ಲಿ ಏನೋ ಅದೆ. ನಾಳೆ ಹುಣಸೂರಿಗೆ ಹೋಗಾಣ. ಅಂಗಡಿಯೋನು ತೆಗೆದು ತೋರಿಸ್ಲಿ. ಆಮೇಲೆ ಬದಲಾಯಿಸ್ತೀನಿ."

"ಕಂಪ್ಯೂಟರ್ ನೋಡಿದ್ರೆ ಕಣ್ಣಿಗೆ ಕೆಟ್ಟದು ಕಣವ್ವ."

"ನನ್ನ ಕಣ್ಣಿಗೆ ಎಪ್ಪತ್ತೆರಡು ವರ್ಷ ಆಯ್ತು. ಇಷ್ಟು ದಿನ ನಿನ್ನನ್ನ ನೋಡೇ ಕೆಟ್ಟಿಲ್ಲ."

ಮಾರನೆಯ ದಿನ ಬಸ್ಸಿನಲ್ಲಿ ಅವಳು ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಪುಟ್ಟಮಲ್ಲಪ್ಪನಿಗೆ ಉಳಿದಿದ್ದ ಆಸೆ ಒಂದೇ: ಎರಡು ದಿನ ಕುಂಕುಮದಲ್ಲಿ ಹೂತಿದ್ದ ಕಾರ್ಡು ಕೆಟ್ಟಿರಲಿ. ವಕಾರ್ ಅದನ್ನು ತೆಗೆದುಕೊಂಡು ಊದಿದ. ಮಕ್ಕಳು ಬರೆದದ್ದನ್ನು ಅಳಿಸುವ ರಬ್ಬರಿನಿಂದ ಅದರ ಹಳದಿ ಗೆರೆಗಳನ್ನು ಉಜ್ಜಿದ. ಕಾರ್ಡ್ ಓದಿಸುವ ಒಂದು ಪ್ಲಾಸ್ಟಿಕ್ ತೊಟ್ಟಿಲಿಗೆ ಸೇರಿಸಿ ಕಂಪ್ಯೂಟರಿಗೆ ಚುಚ್ಚಿದ. ಪುಟ್ಟಮಲ್ಲಪ್ಪ ಕಣ್ಣು ಮುಚ್ಚಿ ಮನೆದೇವರನ್ನು ಕರೆದ. ಮನೆದೇವರಿಗೆ ಬೇರೆ ಕೆಲಸವಿದ್ದಿರಬೇಕು. ಪರದೆ ತುಂಬ ಹೆಣ್ಣುಗಳು ಸಾಲುಸಾಲಾಗಿ ಎದ್ದು ನಿಂತರು.

ಸಿದ್ದಲಿಂಗಮ್ಮ ಕನ್ನಡಕ ಏರಿಸಿಕೊಂಡಳು. ಮೊದಲ ಸಾಲಿನಲ್ಲಿ ಒಂದು, ಎರಡು, ಮೂರು ಎಂದು ಬೆರಳಿಡುತ್ತಾ ಹೋಗಿ, ನಾಲ್ಕಕ್ಕೆ ನಿಂತಳು.

"ಇದು ನಮ್ಮ ರಾಣಿ."

ಪುಟ್ಟಮಲ್ಲಪ್ಪನ ಕಡೆ ತಿರುಗಿದಳು.

"ಪುಟ್ಟಮಲ್ಲಪ್ಪಾ, ಇವಳ ಫೋಟೋ ನೀನು ಎಲೆ ಮೇಲಿಟ್ಟು ಕೊಟ್ಟಿದ್ದೀಯ. ನಮ್ಮ ಟ್ರಂಕಿನಲ್ಲಿ ಇವತ್ತೂ ಅದೆ. ಇವಳಿಗೆ ಎರಡು ಮಕ್ಕಳು. ದೊಡ್ಡೋನು ಒಂದನೇ ಕ್ಲಾಸು. ಇಲ್ಲೇನು ಮಾಡ್ತಾವ್ಳೆ ಇವಳು?"

"ಅದು... ಮರೆತು ಉಳಿದೋಯ್ತು ಕಣವ್ವ."

"ಇವಳು ಯಾರು?" ಬೆರಳು ಮುಂದಕ್ಕೆ ಹೋಯಿತು.

"ಸಾಲಿಗ್ರಾಮದೋಳು."

"ಮದುವೆ?"

"ಆಗದೆ."

"ಇದೂ ಮರೆತಿದ್ದಾ? ಇವಳು?"

"ಆಗದೆ."

"ಇವಳು?"

ಫೋನಿಗೆ ಹಾಡು ತುಂಬಿಸಿಕೊಳ್ಳಲು ಬಂದಿದ್ದ ಇಬ್ಬರು ರೈತರು ಅದನ್ನು ಮರೆತು ನಿಂತರು. ಒಬ್ಬ, "ಮೂರನೇ ಸಾಲಲ್ಲಿರೋದು ನಮ್ಮ ಭಾವಮೈದುನನ ಹೆಂಡ್ತಿ ಇದ್ದಂಗವ್ಳಲ್ಲಾ?" ಅಂದ. ಪುಟ್ಟಮಲ್ಲಪ್ಪ ಕೊಡೆ ಬಿಚ್ಚಿ ಪರದೆಗೆ ಅಡ್ಡ ಹಿಡಿಯಲು ಹೋದ. "ಅಂಗಡಿಯೊಳಗೆ ಮಳೆ ಬರ್ತಿಲ್ಲ ಚಾಚಾ" ಎಂದು ವಕಾರ್ ಅದನ್ನು ಕಿತ್ತುಕೊಂಡು ಮಡಿಸಿಟ್ಟು, ಆ ಇಬ್ಬರನ್ನೂ ಹೊರಗೆ ಕಳಿಸಿ, ಪರದೆಯನ್ನು ಗೋಡೆಯ ಕಡೆ ತಿರುಗಿಸಿದ.

ಮುಕ್ಕಾಲು ಗಂಟೆ ಹಿಡಿಯಿತು. ಮುದುಕಿ ಒಂದನ್ನೂ ಬಿಡಲಿಲ್ಲ. ಮದುವೆಯಾದವರು ಇಪ್ಪತ್ತಾರು. ನಿಶ್ಚಯವಾದವಳು ರಾಧಾ. ಇನ್ನೂ ಕಾಯುತ್ತಿರುವವರು ಹದಿನಾಲ್ಕು.

"ಇಪ್ಪತ್ತಾರನ್ನೂ ಅಳಿಸಪ್ಪ" ಅಂದಳು ವಕಾರ್‌ಗೆ.

"ಅಳಿಸ್ತೀನಿ ಅಮ್ಮ. ಆದ್ರೆ ನಿಜ ಹೇಳ್ತೀನಿ, ಅಳಿಸಿದ್ದನ್ನ ವಾಪಸ್ ಎತ್ತೋ ವಿದ್ಯೆ ಗೊತ್ತಿರೋರೂ ಇದ್ದಾರೆ."

"ಅಂಗಾದ್ರೆ ಗಟ್ಟಿ ದಾರಿ ಯಾವುದು?"

"ಕಾರ್ಡನ್ನ ಕತ್ತರಿಸೋದು."

ಸಿದ್ದಲಿಂಗಮ್ಮ ಸೊಂಟದ ಸಂಚಿಯಿಂದ ದುಡ್ಡು ತೆಗೆದಳು. ಆಮೇಲೆ ರಾಧಾಳದನ್ನೂ ಆ ಹದಿನಾಲ್ಕನ್ನೂ ಕಾಗದಕ್ಕೆ ಹಾಕಿಸಿ, ಎಣಿಸಿಕೊಂಡು, ಕವರಿಗೆ ಸೇರಿಸಿದಳು. ವಕಾರ್ ಕತ್ತರಿ ತಂದು ಕಾರ್ಡನ್ನು ಎರಡು ಮಾಡಿದ. ಅವಳು ನಾಲ್ಕು ಮಾಡಿಸಿದಳು. ಪುಟ್ಟಮಲ್ಲಪ್ಪ ಕವರಿಗೆ ಕೈ ಚಾಚಿದ.

"ನಿನಗಲ್ಲ" ಅಂದಳು. "ಇನ್ನು ಯಾರ ಫೋಟೋನೂ ನಿನ್ನತ್ರ ಇರಬಾರದು. ಇವು ಅವರವರ ಮನೆಗೆ ಹೋಗಬೇಕು. ನಿನ್ನ ಕೈಯಿಂದಲೇ. ಪಕ್ಕದಲ್ಲಿ ನಾನಿರ್ತೀನಿ. ಈ ಹದಿನಾಲ್ಕು ಮನೆಗೆ ನೀನು ಬತ್ತೀಯೋ, ಇಲ್ಲಾ ಆ ಇಪ್ಪತ್ತಾರು ಮನೆಗೆ ನಾನೊಬ್ಬಳೇ ಹೋಗ್ಲೋ?"

"ಬತ್ತೀನಿ" ಅಂದ ಪುಟ್ಟಮಲ್ಲಪ್ಪ.

ಗುರುವಾರ ಹೊರಟರು. ಮೊದಲನೆಯ ಮನೆ ಎಚ್.ಡಿ. ಕೋಟೆಯ ಆಚೆ, ಕಾಕನಕೋಟೆ ಕಾಡಿನ ಅಂಚಿಗಿದ್ದ ಒಂದು ಹಳ್ಳಿಯಲ್ಲಿ. ಮಲ್ಲಾಜಮ್ಮ ಎಂಬುವಳ ಮನೆ. ಅವಳ ಮಗಳು ನಂಜಮಣಿಗೆ ಮೂವತ್ತೊಂದು ತುಂಬಿತ್ತು. ಪುಟ್ಟಮಲ್ಲಪ್ಪನ ಬಾಯಲ್ಲಿ ಐದು ವರ್ಷದಿಂದ ಅವಳಿಗೆ ಇಪ್ಪತ್ತಾರೇ. ಬಸ್ ಇಳಿದ ಕಡೆ ಸಿದ್ದಲಿಂಗಮ್ಮ ಪೆಟ್ಟಿಗೆ ಅಂಗಡಿಯಲ್ಲಿ ವೀಳ್ಯದೆಲೆ, ಅಡಿಕೆ ಕೊಂಡಳು. ಅರಿಶಿನದ ಕೊಂಬು ಮನೆಯಿಂದಲೇ ತಂದಿದ್ದಳು.

"ಎಲೆ ಬ್ಯಾಡ ಕಣವ್ವ" ಅಂದ ಪುಟ್ಟಮಲ್ಲಪ್ಪ. "ಎಲೆ ಮೇಲಿಟ್ರೆ ಅವ್ರು ಬ್ಯಾರೆ ತಿಳ್ಕತಾರೆ. ಬರೀ ಕವರಲ್ಲಿ ಕೊಡಾನ."

ಎಷ್ಟೋ ವರ್ಷಗಳ ಮೇಲೆ ಅವನ ಬಾಯಿಂದ ತಾನಾಗಿ ಬಂದ ಮೊದಲ ನಿಜ ಅದು. ಅವಳು ನಂಬಲಿಲ್ಲ. ನಂಬುವುದಕ್ಕೆ ಅವನು ಏನು ಉಳಿಸಿದ್ದ?

"ಕದ್ದು ಮುಚ್ಚಿ ಕೊಟ್ಟು ಓಡಿ ಬರಾಣ ಅಂತಲಾ? ನೆಟ್ಟಗೆ ಇಟ್ಟು ಒಪ್ಪಿಸು."

ಅವನು ಎಲೆ ಹಿಡಿದು ಬೀದಿಯಲ್ಲಿ ನಡೆದ. ಬಾವಿಯ ಹತ್ತಿರದ ಹೆಂಗಸರು ಬಿಂದಿಗೆ ಇಳಿಸಿ ನೋಡಿದರು. ಒಬ್ಬಳು ಓಡಿದಳು. ಇವರು ಬಾಗಿಲಿಗೆ ಬರುವುದರೊಳಗೆ ಮಲ್ಲಾಜಮ್ಮ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಹೊಸಿಲಲ್ಲಿ ನಿಂತಿದ್ದಳು.

"ಆಯ್ತಾ? ಅಯ್ಯೋ ನಮ್ಮಪ್ಪ, ಆಯ್ತಾ? ಯಾವೂರು? ಗಂಡು ಏನ್ ಮಾಡ್ತದೆ? ಬನ್ನಿ, ಕೂತ್ಕೊಳಿ. ನಂಜಮಣೀ, ಬಾರೇ ಈಚೆಗೆ, ಪುಟ್ಟಮಲ್ಲಪ್ಪ ಎಲೆ ತಂದವ್ರೆ!"

ಸಿದ್ದಲಿಂಗಮ್ಮ ಎಲೆಯನ್ನು ನೋಡಿದಳು, ಮಲ್ಲಾಜಮ್ಮನನ್ನು ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪುಟ್ಟಮಲ್ಲಪ್ಪನಿಗೆ ಮಾತಿಗೆ ಬರವಿರಲಿಲ್ಲ. ಒಂದು ಊರಿನ ಹೆಸರು ಹೇಳಿ, ಒಂದು ಗಂಡನ್ನು ನಿಲ್ಲಿಸಿ, ನಾಲ್ಕು ದಿನ ಆದ ಮೇಲೆ ಅದನ್ನು ತಪ್ಪಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ. ಬಾಯಿಯ ತುದಿಗೆ ಎರಡು ಊರು ಬಂದೂ ಬಂದವು.

"ಯಾವೂರೂ ಇಲ್ಲ ಕಣವ್ವ" ಅಂದ.

"ಅಂಗಾದ್ರೆ ಎಲೆ ಯಾಕೆ ತಂದೆ?"

ಅವನು ಹೇಳಿದ. ಮದುವೆಯಾದವರ ಫೋಟೋ ಇಟ್ಟುಕೊಂಡದ್ದು, ಅವರನ್ನು ಮೊದಲು ತೋರಿಸುತ್ತಿದ್ದದ್ದು, ಸಿಕ್ಕಿಬಿದ್ದದ್ದು, ಎಲ್ಲ. ಈಗ ಯಾರೂ ಕೂತ್ಕೊಳಿ ಅನ್ನದಿದ್ದರಿಂದ ನಿಂತೇ ಹೇಳಿದ. ಮಲ್ಲಾಜಮ್ಮನ ಕೈಯ ಹಿಟ್ಟು ಒಣಗಿತು. ನಂಜಮಣಿ ಮುಂದೆ ಬಂದು, ಎಲೆಯನ್ನು ಮುಟ್ಟದೆ, ಫೋಟೋ ಒಂದನ್ನೇ ಎತ್ತಿಕೊಂಡಳು. ಅದರ ಹಿಂದುಮುಂದು ನೋಡಿದಳು.

"ನನ್ನನ್ನ ಎಷ್ಟನೇದಾಗಿ ತೋರಿಸ್ತಿದ್ದೆ?"

"ಆರೋ ಏಳೋ ಕಣವ್ವ."

"ಅಷ್ಟೊತ್ಗೆ ಕಾಫಿ ಬಂದಿರ್ತದೆ" ಅಂದಳು ನಂಜಮಣಿ. "ಲೋಟ ನೋಡ್ತಾರೋ, ನನ್ನ ನೋಡ್ತಾರೋ?"

ಫೋಟೋವನ್ನು ಸೆರಗಿನೊಳಗೆ ಇಟ್ಟುಕೊಂಡು ಒಳಗೆ ಹೋದಳು. ಮಲ್ಲಾಜಮ್ಮ ಬಾಗಿಲು ಹಾಕಿಕೊಂಡಳು. ಬೀದಿಯ ಹೆಂಗಸರು ಬಿಂದಿಗೆ ಎತ್ತಿಕೊಳ್ಳದೆ ಹಾಗೇ ನಿಂತಿದ್ದರು. ಪುಟ್ಟಮಲ್ಲಪ್ಪ ಎಲೆಯನ್ನು ಎಲ್ಲಿ ಬಿಡುವುದೆಂದು ತಿಳಿಯದೆ ಹಿಡಿದುಕೊಂಡೇ ಇದ್ದ. ಸಿದ್ದಲಿಂಗಮ್ಮ ಅದನ್ನು ಅವನ ಕೈಯಿಂದ ತೆಗೆದುಕೊಂಡು ತನ್ನ ಸೆರಗಿಗೆ ಕಟ್ಟಿದಳು.

"ನೀನು ಬ್ಯಾಡ ಅಂದಿದ್ದೆ" ಅಂದಳು, ಅವನ ಮುಖ ನೋಡದೆ. "ಮಿಕ್ಕ ಮನೆಗೆ ಕವರಲ್ಲೇ ಕೊಡು. ಹೇಳೋದು ಮಾತ್ರ ಪೂರ್ತಿ ಹೇಳಬೇಕು, ಈಗ ಹೇಳಿದಂಗೇ."

ಬಸ್ಸಿಗೆ ಇನ್ನೂ ಎರಡು ಗಂಟೆ ಇತ್ತು. ಮುದುಕಿ ಮುಂದೆ, ಅವನು ಹಿಂದೆ, ಬಿಸಿಲಿನಲ್ಲಿ ರಸ್ತೆಗೆ ನಡೆದರು. ಕೊಡೆ ಅವನ ಕಂಕುಳಲ್ಲೇ ಇತ್ತು. ಬಿಚ್ಚಿಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ.